ಗಾಳಿ ನಿಂತ ಜಾಗದಲ್ಲೇ ಗಾಡಿ ಎಳೆಯುತ್ತೆ

ಈ ತಿಂಗಳು ಬಂದ ಕಾಗದಗಳಲ್ಲಿ ಟೈರು, ಡೀಸೆಲ್, ಲೈಸೆನ್ಸ್ ಯಾವುದರ ಸುದ್ದಿಯೂ ಇಲ್ಲ. ಎಲ್ಲ ಗಾಳಿಯದ್ದೇ. ಆಷಾಢ ಅಲ್ವಾ. ಇದನ್ನು ಬರೆಯುತ್ತಿರುವಾಗಲೂ ನಮ್ಮ ಶಿರಾದ ಮನೆಯ ಶೀಟು ಪಟಪಟ ಬಡಿದುಕೊಳ್ಳುತ್ತಿದೆ. ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದವನಿಗೆ ಆ ಸದ್ದು ಕೇಳಿದರೆ ಈಗಲೂ ಕಾಲು ತಾನಾಗೇ ಬ್ರೇಕ್ ಹುಡುಕುತ್ತೆ. ಈ ಸಲ ಅಂಕಣ ಪೂರ್ತಿ ಗಾಳಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಮೂವತ್ತೆರಡು ಅಡಿ ಕಂಟೇನರ್ ಓಡಿಸುತ್ತೇನೆ. ವಸಂತನರಸಾಪುರದಿಂದ ಹುಬ್ಬಳ್ಳಿ ಕಡೆಗೆ ಲೋಡು. ಬರುವಾಗ ಎಷ್ಟೋ ಸಲ ಖಾಲಿ. ಚಿತ್ರದುರ್ಗ ದಾಟಿ ಹಿರಿಯೂರು ಬರೋವರೆಗೆ ಈ ಎರಡು ತಿಂಗಳು ಗಾಡಿ ತೊಟ್ಟಿಲು ತೂಗಿದ ಹಾಗೆ ತೂಗುತ್ತೆ. ಹೋದ ವಾರ ಅರ್ಧ ಲೇನ್ ಪಕ್ಕಕ್ಕೆ ತಳ್ಳಿಬಿಟ್ಟಿತು. ಓನರ್‌ಗೆ ಹೇಳಿದರೆ ‘ಅದೇನು ಗಾಳಿಪಟಾನಾ ಹಾರೋಕೆ? ಎಂಟು ಟನ್ ಗಾಡಿ. ಲೋಡ್ ಇಲ್ಲ ಅಂದ್ರೆ ಇನ್ನೂ ಆರಾಮಾಗಿ ಬರಬಹುದು’ ಅಂತ ನಗುತ್ತಾರೆ. ನಾನು ಹೆದರೋದು ತಪ್ಪಾ? ಗಾಳಿ ಜಾಸ್ತಿ ಇದ್ದಾಗ ಏನು ಮಾಡಬೇಕು?
(ಕಂಟೇನರ್ ಚಾಲಕ, ತುಮಕೂರು. ಹೆಸರು ಬೇಡ ಅಂದಿದ್ದಾರೆ.)

ಉತ್ತರ: ಹೆದರೋದು ಸರಿ ಕಣಪ್ಪ. ನಿಮ್ಮ ಓನರ್ ಹೇಳಿದ್ದರಲ್ಲೂ ಒಂದು ಅರ್ಧ ನಿಜ ಇದೆ, ಅದನ್ನು ಮೊದಲು ಕೊಟ್ಟುಬಿಡೋಣ. ನಿಂತ ಎಂಟು ಟನ್ ಗಾಡಿಯನ್ನು ನಮ್ಮ ಆಷಾಢದ ಗಾಳಿ ಎತ್ತಿ ಒಗೆಯಲ್ಲ. ಓಡುವ ಗಾಡಿಯ ಲೆಕ್ಕ ಮಾತ್ರ ಬೇರೆ.

ನಿಮ್ಮ ಕಂಟೇನರಿನ ಒಂದು ಪಕ್ಕ ಉದ್ದ 32 ಅಡಿ, ಎತ್ತರ ಹತ್ತಿರ ಹತ್ತಿರ 9 ಅಡಿ. ಗುಣಿಸಿದರೆ ಸುಮಾರು 280 ಚದರ ಅಡಿ ತಗಡಿನ ಗೋಡೆ. ಗಂಟೆಗೆ 60 ಕಿಲೋಮೀಟರ್ ಗಾಳಿ ಆ ಗೋಡೆಗೆ ನೇರ ಬಡಿದರೆ ಹೆಚ್ಚು ಕಮ್ಮಿ ಅರ್ಧ ಟನ್ ಭಾರ ಪಕ್ಕದಿಂದ ಒತ್ತಿದ ಹಾಗೆ. ಇನ್ನೊಂದು ವಿಷಯ ನಮ್ಮವರು ಯಾರೂ ಹೇಳಿಕೊಡಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 40ರ ಗಾಳಿ ಕಂಡವನು 80ರ ಗಾಳಿಯನ್ನೂ ಕಂಡಿದ್ದೀನಿ ಅಂದುಕೊಳ್ಳಬಾರದು. ಏಳು ಟನ್ ಲೋಡ್ ಇದ್ದಾಗ ಗಾಡಿ ನೆಲ ಕಚ್ಚಿಕೊಂಡು ನಿಂತಿರುತ್ತೆ. ಖಾಲಿ ಇದ್ದಾಗ ಗೋಡೆ ಅಷ್ಟೇ ದೊಡ್ಡದು, ಹಿಡಿದಿಡುವ ತೂಕ ಮಾತ್ರ ಇಲ್ಲ. ಆದ್ದರಿಂದ ‘ಖಾಲಿ ಗಾಡಿ ಆರಾಮ’ ಅನ್ನೋದು ಏರು ಹತ್ತುವಾಗ ಸರಿ, ಗಾಳಿಯಲ್ಲಿ ಪೂರ್ತಿ ಉಲ್ಟಾ.

ಈಗ ದಾರಿ ನೋಡಿ. ನಮ್ಮ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ. ತುಮಕೂರಿನಿಂದ ಚಿತ್ರದುರ್ಗದ ಕಡೆ 48ನೇ ಹೆದ್ದಾರಿ ವಾಯವ್ಯಕ್ಕೆ ಹೋಗುತ್ತೆ. ಹಾಗಾಗಿ ಹೋಗುವಾಗ ಗಾಳಿ ಎಡಗಡೆಯಿಂದ ಬಡಿದು ಡಿವೈಡರ್ ಕಡೆ ತಳ್ಳುತ್ತೆ. ಬರುವಾಗ ಬಲಗಡೆಯಿಂದ, ಸ್ವಲ್ಪ ಹಿಂದಿನಿಂದ ಬಡಿದು ರಸ್ತೆ ಅಂಚಿಗೆ ತಳ್ಳುತ್ತೆ. ನೀವು ಖಾಲಿ ಬರೋದು ಬರುವಾಗ. ಅಂದರೆ ಹಗುರ ಗಾಡಿ, ಮಣ್ಣಿನ ಅಂಚು, ಎರಡೂ ಒಂದೇ ಕಡೆ ಸೇರಿದವು. ಕೋಲಾರದ 75ರಲ್ಲಿ ಪೂರ್ವಕ್ಕೆ ಹೋಗುವವರಿಗೆ ಇದೇ ಗಾಳಿ ಬೆನ್ನಿಗೆ ಬೀಳುತ್ತೆ, ಅಷ್ಟು ಕಾಟ ಇಲ್ಲ. ಬಾಗೇಪಲ್ಲಿ ಕಡೆಯ 44ರಲ್ಲಿ ನೇರ ಪಕ್ಕೆಗೇ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನೆಟ್ಟಿರೋದು ಸುಮ್ನೆ ಅಲ್ಲ.

ಆದರೆ ಗಾಡಿ ಬೀಳೋದು ಸಾಮಾನ್ಯವಾಗಿ ಗಾಳಿ ಬೀಸುತ್ತಿರುವಾಗ ಅಲ್ಲ. ನನ್ನ ಕಥೆಯನ್ನೇ ಕೇಳಿ.

ಆಗಿನ್ನೂ ಅದು ಎನ್‌ಎಚ್ 4, ಎರಡೇ ಲೇನು. ದಾವಣಗೆರೆಯಿಂದ ಮಂಡಕ್ಕಿ ಲೋಡು. ಮಂಡಕ್ಕಿ ಲೋಡ್ ನೋಡಿದವರಿಗೆ ಗೊತ್ತು. ಕ್ಯಾಬಿನ್ ಮೇಲೆ ಒಂದಾಳು ಎತ್ತರ ಚೀಲ ಏರಿಸಿರುತ್ತಾರೆ, ಆನೆ ಬಂದ ಹಾಗೆ ಕಾಣುತ್ತೆ, ತೂಕ ಹಾಕಿದರೆ ಏನೂ ಇಲ್ಲ. ಹಿರಿಯೂರಿಗೆ ಇನ್ನೂ ಎಂಟು ಹತ್ತು ಮೈಲಿ ಇತ್ತು. ಬಲಗಡೆಯಿಂದ ಗಾಳಿ ಒಂದೇ ಸಮ ಒತ್ತುತ್ತಿತ್ತು. ನಾನು ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದೇ ಓಡಿಸುತ್ತಿದ್ದೆ. ಅರ್ಧ ಗಂಟೆ ಹಾಗೇ ಹಿಡಿದರೆ ಅದು ಅಭ್ಯಾಸ ಆಗಿಬಿಡುತ್ತೆ, ಎಳೆದು ಹಿಡಿದಿದ್ದೀನಿ ಅನ್ನೋದೇ ಮರೆತುಹೋಗುತ್ತೆ. ಅಲ್ಲೊಂದು ಕಡೆ ದಿಬ್ಬ ಕಡಿದು ರಸ್ತೆ ಮಾಡಿದ್ದರು. ಎರಡೂ ಕಡೆ ಮಣ್ಣಿನ ಗೋಡೆ. ಅದರೊಳಗೆ ನುಗ್ಗಿದ ತಕ್ಷಣ ಗಾಳಿ ಪಕ್ಕನೆ ನಿಂತಿತು. ನನ್ನ ಕೈ ನಿಲ್ಲಲಿಲ್ಲ. ಗಾಡಿ ದಡಕ್ಕನೆ ಬಲಕ್ಕೆ ನುಗ್ಗಿತು. ಎದುರಿಗೆ ಬಸ್ಸಿನ ಲೈಟು. ಗಾಬರಿಯಲ್ಲಿ ಎಡಕ್ಕೆ ಜಗ್ಗಿದೆ. ಅಷ್ಟರಲ್ಲಿ ದಿಬ್ಬ ಮುಗಿದು ಗಾಳಿ ಮತ್ತೆ ಬಲಗಡೆಯಿಂದ ಬಡಿಯಿತು. ನಾನು ಎಳೆದಿದ್ದೂ ಎಡಕ್ಕೆ, ಗಾಳಿ ತಳ್ಳಿದ್ದೂ ಎಡಕ್ಕೆ. ಎಡಗಡೆ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿತು. ಗಾಡಿ ಧಡಾರಂತ ಬೀಳಲಿಲ್ಲ. ಎಮ್ಮೆ ಕೆರೆಯಲ್ಲಿ ಮಲಗುತ್ತಲ್ಲ, ಹಾಗೆ ನಿಧಾನಕ್ಕೆ ಮಗ್ಗುಲಾಯಿತು.

ನನಗೂ ಕ್ಲೀನರ್ ಹುಡುಗನಿಗೂ ತರಚು ಗಾಯ ಅಷ್ಟೇ. ಮೇಲಿನ ಬಾಗಿಲಿಂದ ಹತ್ತಿ ಹೊರಗೆ ಬಂದರೆ ಕತ್ತಲಲ್ಲಿ ಹೊಲವೆಲ್ಲ ಬೆಳ್ಳಗೆ. ಒಡೆದ ಚೀಲದ ಮಂಡಕ್ಕಿ ಗಾಳಿಗೆ ಎದ್ದು ಜಾಲಿ ಗಿಡದ ಮುಳ್ಳುಮುಳ್ಳಿಗೂ ಸಿಕ್ಕಿಕೊಂಡಿತ್ತು. ‘ಗಾಳಿ ಬಂದಾಗ ತೂರಿಕೋ’ ಅಂತ ಗಾದೆ ಇದೆಯಲ್ಲ, ಆವತ್ತು ಗಾಳಿಯೇ ನಮ್ಮನ್ನು ತೂರಿತ್ತು. ಬೆಳಗ್ಗೆ ಪಕ್ಕದ ಹಳ್ಳಿ ಮಕ್ಕಳು ಲಂಗ, ಟವೆಲ್ಲು ಹಿಡಿದುಕೊಂಡು ಬಂದರು. ಮಂಡಿಯವರು ಮಂಡಕ್ಕಿ ದುಡ್ಡನ್ನು ನನ್ನ ಸಂಬಳದಲ್ಲಿ ಐದು ತಿಂಗಳು ಹಿಡಿದರು. ಆ ಸಿಟ್ಟು ಇನ್ನೂ ಇದೆ, ಬಿಡಿ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ನಿಮ್ಮ ದಾರಿಯಲ್ಲಿ ಗಾಳಿ ಎಲ್ಲೆಲ್ಲಿ ನಿಲ್ಲುತ್ತೆ, ಎಲ್ಲೆಲ್ಲಿ ಮತ್ತೆ ಶುರುವಾಗುತ್ತೆ ಅಂತ ಮನಸ್ಸಲ್ಲಿ ಗುರುತು ಮಾಡಿಕೊಳ್ಳಬೇಕು. ದಿಬ್ಬ ಕಡಿದ ಜಾಗ, ಫ್ಲೈಓವರ್ ಏರಿ ಮೇಲೆ ಬಂದ ಜಾಗ, ಸೇತುವೆ, ಟೋಲ್ ದಾಟಿದ ಕೂಡಲೇ ಬರುವ ಬಯಲು, ಸಾಲುಮರ ಮುಗಿಯುವ ತುದಿ. ಇನ್ನೊಂದು ಲಾರಿ ಅಥವಾ ಸ್ಲೀಪರ್ ಬಸ್ ನಿಮ್ಮ ಪಕ್ಕಕ್ಕೆ ಬಂದರೂ ಅದೇ ಕಥೆ. ಅದು ಮರೆ ಮಾಡಿದಾಗ ಗಾಡಿ ಅದರ ಕಡೆಗೇ ಎಳೆಯುತ್ತೆ, ಮುಂದೆ ಹೋದ ಮೇಲೆ ರಪ್ಪನೆ ಹೊಡೆಯುತ್ತೆ. ಅದಕ್ಕೇ ಗಾಳಿಯಲ್ಲಿ ಓವರ್‌ಟೇಕ್ ಬೇಡವೇ ಬೇಡ. ಎಡಗಡೆ ಲೇನ್ ಹಿಡಿದುಕೊಳ್ಳಿ, ಆದರೆ ಬಿಳಿ ಗೆರೆಗೆ ಒತ್ತಿಕೊಂಡು ಹೋಗಬೇಡಿ. ಬರುವಾಗ ಎಡಕ್ಕೆ ಒಂದು ಗಜವಾದರೂ ಉಳಿಸಿಕೊಳ್ಳಿ.

ಸ್ಪೀಡು 40ಕ್ಕೆ ಇಳಿಸಿ. ನಾಲ್ಕು ಲೇನಿನ ರಸ್ತೆಯಲ್ಲಿ ನಮಗೆ 80ರವರೆಗೆ ಅವಕಾಶ ಇದೆ, ಅದು ಗಾಳಿ ಇಲ್ಲದ ದಿನಕ್ಕೆ. 80ರಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಗಾಳಿ ತಳ್ಳಿತು ಅಂತ ತಲೆಗೆ ಹೋಗಿ ಕೈಗೆ ಬರುವಷ್ಟರಲ್ಲಿ ಲೇನ್ ದಾಟಿರುತ್ತೀರಿ. 40ರಲ್ಲಿ 11 ಮೀಟರ್. ಇನ್ನೊಂದು ಲಾಭ, ನಮ್ಮ ಓಟ ಕಮ್ಮಿಯಾದಷ್ಟೂ ಪಕ್ಕೆಗೆ ಬೀಳುವ ಹೊಡೆತವೂ ಕಮ್ಮಿಯಾಗುತ್ತೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಫೋನು ಬೀಡಿ ಎರಡೂ ಬೇಡ. ತಳ್ಳಿದಾಗ ಜಗ್ಗಬೇಡಿ. ಕಾಲು ತೆಗೆದು, ಸಣ್ಣ ಸಣ್ಣಗೆ ಸರಿ ಮಾಡಿ. ಒಮ್ಮೆಲೇ ಬ್ರೇಕ್ ಒತ್ತಿದರೆ ಖಾಲಿ ಗಾಡಿಯ ಹಿಂಭಾಗ ಬಾಲ ಅಲ್ಲಾಡಿಸುತ್ತೆ, ಮಳೆ ಬಂದಿದ್ದರಂತೂ ಕೇಳಲೇಬೇಡಿ.

ಕೆಲವರು ಹಿಂದಿನ ಬಾಗಿಲು ತೆಗೆದು ಕಟ್ಟಿ ಓಡಿಸುತ್ತಾರೆ, ‘ಗಾಳಿ ಪಾಸಾಗಿ ಹೋಗುತ್ತೆ’ ಅಂತ. ಗಾಳಿ ಬರೋದು ಪಕ್ಕದಿಂದ, ಬಾಗಿಲು ಇರೋದು ಹಿಂದೆ. ಎಲ್ಲಿಂದ ಪಾಸಾಗುತ್ತೆ?

ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಿ. ಆದರೆ ಹೆದ್ದಾರಿ ಅಂಚಿನಲ್ಲಿ ಬೇಡ. ನಿಂತ ಲಾರಿಗೆ ಹಿಂದಿನಿಂದ ಬಂದು ಗುದ್ದೋದು ನಮ್ಮಲ್ಲಿ ಗಾಳಿಗಿಂತ ದೊಡ್ಡ ಅಪಾಯ. ಲಾರಿ ನಿಲ್ಲಿಸಲೆಂದೇ ಬಿಟ್ಟ ಜಾಗ, ಢಾಬಾ ಅಂಗಳ, ಬಂಕ್ ಪಕ್ಕದ ಬಯಲು ನೋಡಿ. ಮರ, ಹೋರ್ಡಿಂಗ್, ಕರೆಂಟ್ ತಂತಿಯ ಕೆಳಗೆ ಬೇಡ. ಗಾಡಿಯ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ ನಿಲ್ಲಿಸಿ. ಆಗ 32 ಅಡಿ ಗೋಡೆಯ ಬದಲು 8 ಅಡಿ ಮೂತಿ ಗಾಳಿಗೆ ಸಿಗುತ್ತೆ. ಇಳಿಯುವಾಗ ಬಾಗಿಲು ಭದ್ರವಾಗಿ ಹಿಡಿದುಕೊಳ್ಳಿ, ಗಾಳಿ ಕಿತ್ತುಕೊಂಡು ಹೋದದ್ದನ್ನು ನೋಡಿದ್ದೇನೆ.

ಓನರ್‌ಗೆ ಏನು ಹೇಳೋದು? ಗಾಳಿ ಕಥೆ ಹೇಳಬೇಡಿ, ಲೆಕ್ಕ ಹೇಳಿ. ಚಿತ್ರದುರ್ಗದಿಂದ ಹಿರಿಯೂರಿಗೆ 40 ಕಿಲೋಮೀಟರ್ ಚಿಲ್ಲರೆ. 80ರ ಬದಲು 40ರಲ್ಲಿ ಬಂದರೆ ಅರ್ಧ ಗಂಟೆ ತಡ. ಮಗುಚಿದರೆ ಕ್ರೇನ್, ಬಾಡಿ ಕೆಲಸ, ಸ್ಟೇಷನ್, ಕೋರ್ಟ್ ಎಲ್ಲ ಸೇರಿ ಗಾಡಿ ಎಷ್ಟು ತಿಂಗಳು ನಿಲ್ಲುತ್ತೆ ಅಂತ ಅವರೇ ಹೇಳಲಿ. ಗಾಡಿ ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿನಾ ಅಂತ ಕೂಡ ಕೇಳಿ. ಥರ್ಡ್ ಪಾರ್ಟಿಯಾದರೆ ಬಿರುಗಾಳಿಗೆ ಬಿದ್ದ ಸ್ವಂತ ಗಾಡಿಗೆ ಒಂದು ರೂಪಾಯಿಯೂ ಬರಲ್ಲ. ನಗು ಅಲ್ಲಿಗೆ ನಿಲ್ಲಬಹುದು.

ಪ್ರಶ್ನೆ: ಅಣ್ಣಾವ್ರೇ, ನಾವು ಕೋಲಾರ ಎಪಿಎಂಸಿಯಿಂದ ಟೊಮೆಟೊ ಹೊಡೆಯುವವರು. ಕ್ಯಾಂಟರ್ ಗಾಡಿ. ಹೋಗುವಾಗ ತೊಂದರೆ ಇಲ್ಲ. ಖಾಲಿ ಕ್ರೇಟ್ ಹೇರಿಕೊಂಡು ಬರುವಾಗ ಏಪ್ರಿಲ್, ಮೇ ಸಂಜೆಗಳಲ್ಲಿ ಒಂದೇ ಸಲ ಧೂಳೆದ್ದು ಗಾಳಿ ಬರುತ್ತಲ್ಲ, ಅದಕ್ಕೆ ಏನು ಮಾಡೋದು? ಆಷಾಢದಲ್ಲಿ ಹಾಗಾಗಲ್ಲ. ಮೊನ್ನೆ ಬೇಸಿಗೆಯಲ್ಲಿ ನಾಲ್ಕು ಕ್ರೇಟ್ ಹಾರಿ ಹಿಂದಿನ ಕಾರಿನ ಗಾಜಿಗೆ ಬಿದ್ದು ದೊಡ್ಡ ಜಗಳ.
(ಕ್ಯಾಂಟರ್ ಚಾಲಕ, ಮುಳಬಾಗಿಲು)

ಉತ್ತರ: ನೀವು ಹೇಳಿದ್ದು ಸರಿ, ಎರಡೂ ಬೇರೆ ಬೇರೆ ಗಾಳಿ. ಆಷಾಢದ್ದು ಹಠಮಾರಿ, ದಿನವಿಡೀ ಒಂದೇ ಕಡೆಯಿಂದ ಒತ್ತುತ್ತೆ. ಅಶ್ವಿನಿ, ಭರಣಿ ಮಳೆಯ ಕಾಲದ್ದು ಕಳ್ಳ. ಬಿಸಿಲಿಗೆ ಎದ್ದ ಮೋಡದಿಂದ ಮಳೆ ಸುರಿಯುವಾಗ ಅದರ ಜೊತೆ ತಣ್ಣನೆ ಗಾಳಿ ಮೇಲಿಂದ ದಬದಬ ಇಳಿದು, ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತೆ. ಅದಕ್ಕೇ ಮಳೆಗಿಂತ ಮೊದಲು ಗಾಳಿ ಬರೋದು, ಯಾವ ಕಡೆಯಿಂದ ಬರುತ್ತೆ ಅಂತ ಹೇಳೋಕಾಗದಿರೋದೂ ಅದಕ್ಕೇ. ಸೆಖೆಯ ಮಧ್ಯೆ ಇದ್ದಕ್ಕಿದ್ದಂತೆ ಮುಖಕ್ಕೆ ತಂಪು ತಾಗಿತು, ಮಣ್ಣಿನ ವಾಸನೆ ಬಂತು, ದೂರದಲ್ಲಿ ಕೆಂಪು ಪರದೆ ಎಳೆದ ಹಾಗೆ ಧೂಳು ಕಾಣಿಸಿತು ಅಂದರೆ ನಿಮಗೆ ಸಿಗೋದು ಕೆಲವೇ ನಿಮಿಷ. ಅಷ್ಟರಲ್ಲಿ ಒಳ್ಳೆ ಜಾಗ ನೋಡಿ ನಿಲ್ಲಿಸಿ. ಈ ಗಾಳಿ ಜಾಸ್ತಿ ಹೊತ್ತು ಇರಲ್ಲ, ಒಂದು ಟೀ ಕುಡಿದು ಮುಗಿಸೋಷ್ಟರಲ್ಲಿ ಜೋರು ಇಳಿದಿರುತ್ತೆ. ನಿಮ್ಮ ಕಡೆ ಹಳೇ ರಸ್ತೆಗಳಲ್ಲಿ ನೀಲಗಿರಿ ತೋಪು ಜಾಸ್ತಿ. ಅದರ ಬುಡದಲ್ಲಿ ಮಾತ್ರ ನಿಲ್ಲಿಸಬೇಡಿ, ಆ ಮರ ಕಡ್ಡಿ ಮುರಿದ ಹಾಗೆ ಮುರಿಯುತ್ತೆ.

ಮಧ್ಯಾಹ್ನ ಹೊರಡುವ ಮೊದಲು ಫೋನಿನಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳಿ. ಮುಂದಿನ ಮೂರು ಗಂಟೆಗೆ ಅಂತಲೇ ಜಿಲ್ಲಾವಾರು ಕೊಡುತ್ತಾರೆ. ಹಳದಿ ಇದ್ದರೆ ಕಣ್ಣಿಟ್ಟಿರಿ, ಕಿತ್ತಳೆ ಇದ್ದರೆ ತಯಾರಾಗಿರಿ, ಕೆಂಪು ಇದ್ದರೆ ಹೊರಡಲೇಬೇಡಿ. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ, ದುಡ್ಡಿಲ್ಲ.

ಕ್ರೇಟಿನ ವಿಷಯದಲ್ಲಿ ತಪ್ಪು ನಿಮ್ಮದೇ, ಬೇಜಾರು ಮಾಡಿಕೊಳ್ಳಬೇಡಿ. ತುಂಬಿದ ಕ್ರೇಟು 15 ಕಿಲೋ, ಅದರಷ್ಟಕ್ಕೆ ಅದು ಕೂತಿರುತ್ತೆ. ಹಾಗಂತ ಖಾಲಿಯದ್ದನ್ನೂ ಅದೇ ಎತ್ತರಕ್ಕೆ ಪೇರಿಸಿ ಅದೇ ಒಂದು ಹಗ್ಗ ಹಾಕುತ್ತೀರಿ. ಖಾಲಿ ಕ್ರೇಟ್ ಬಾಡಿ ಹಲಗೆಗಿಂತ ಮೇಲೆ ಎದ್ದಿರಬಾರದು. ಏರಿಸಲೇಬೇಕಾದರೆ ಬಲೆ ಹಾಕಿ, ಉದ್ದಕ್ಕೆ ಎರಡು, ಅಡ್ಡಕ್ಕೆ ಮೂರು ಹಗ್ಗ ಬಿಗಿಯಿರಿ. ಟಾರ್ಪಾಲ್ ಹಾಕಿದರೆ ಮುಂದಿನ ತುದಿ ಸಡಿಲ ಬಿಡಬೇಡಿ. ಮುಂದೆ ಬಾಯಿ ತೆರೆದ ಟಾರ್ಪಾಲಿಗೆ ಗಾಳಿ ತುಂಬಿದರೆ ಅದು ದೋಣಿಯ ಹಾಯಿಯೇ. ಗಾಜಿನ ದುಡ್ಡು ಕೊಟ್ಟುಬಿಡಿ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗ ಇಂಗ್ಲೆಂಡಿನಲ್ಲಿ ಲಾರಿ ಓಡಿಸುತ್ತಾನೆ. ‘ಇವತ್ತು ಗಾಳಿ ಅಂತ ಸೇತುವೆ ಮುಚ್ಚಿದಾರೆ ಅಮ್ಮ, ಸುತ್ತಿಕೊಂಡು ಹೋಗಬೇಕು’ ಅಂತ ಫೋನ್ ಮಾಡಿದ್ದ. ಗಾಳಿಗೆ ಯಾರಾದರೂ ಸೇತುವೆ ಮುಚ್ಚುತ್ತಾರಾ? ಕೆಲಸ ಹೋಗಿರೋದನ್ನು ಮುಚ್ಚಿಡುತ್ತಿದ್ದಾನಾ ಅಂತ ಮನೆಯವರಿಗೆ ಅನುಮಾನ. ನನಗೆ ರಾತ್ರಿ ನಿದ್ದೆ ಇಲ್ಲ.
(ಒಬ್ಬ ತಾಯಿ, ಗೌರಿಬಿದನೂರು)

ಉತ್ತರ: ಹುಡುಗ ಸುಳ್ಳು ಹೇಳಿಲ್ಲ ಕಣಮ್ಮ. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಅಲ್ಲಿ ಇಂಗ್ಲೆಂಡಿಗೂ ವೇಲ್ಸಿಗೂ ನಡುವೆ ಸೆವರ್ನ್ ಅಂತ ದೊಡ್ಡ ನದಿ ಇದೆ. ಅದಕ್ಕೆ ಎರಡು ಸೇತುವೆ. ಒಂದು 1966ರದ್ದು, ಇನ್ನೊಂದು 1996ರದ್ದು. ಹಳೆಯದನ್ನು ಗಾಳಿ ಜೋರಾದಾಗ ಮುಚ್ಚಿ ಗಾಡಿಗಳನ್ನು ಹೊಸದಕ್ಕೆ ಕಳಿಸುತ್ತಾರೆ. ಹೊಸದರ ಪಕ್ಕದಲ್ಲಿ ಗಾಳಿ ತಡೆಯುವ ಗೋಡೆ ಕಟ್ಟಿದ್ದಾರೆ. 2022ರ ಫೆಬ್ರವರಿಯಲ್ಲಿ ‘ಯೂನಿಸ್’ ಅನ್ನುವ ಬಿರುಗಾಳಿ ಬಂದಾಗ ಎರಡನ್ನೂ ಒಟ್ಟಿಗೆ ಮುಚ್ಚಿದ್ದರು, ಹಾಗೆ ಮಾಡಿದ್ದು ಅದೇ ಮೊದಲು. ಆವತ್ತು ಅಲ್ಲಿನ ಒಂದು ದ್ವೀಪದ ತುದಿಯಲ್ಲಿ ಗಾಳಿಯ ಬೀಸು ಗಂಟೆಗೆ 196 ಕಿಲೋಮೀಟರ್ ದಾಖಲಾಯಿತು. ಅಲ್ಲಿ ಬಿರುಗಾಳಿಗೆ ನಾಮಕರಣ ಮಾಡುವ ಪದ್ಧತಿ 2015ರಿಂದ ಇದೆ. ಎತ್ತರದ ಗಾಡಿಯವರು ಬಯಲು ರಸ್ತೆಯಲ್ಲಿ, ಸೇತುವೆ ಹತ್ತಿರ, ಬೇಲಿ ಸಾಲು ಬಿಟ್ಟುಹೋದ ಕಡೆ ಹುಷಾರಾಗಿರಬೇಕು ಅಂತ ಅವರ ರಸ್ತೆ ನಿಯಮದ ಪುಸ್ತಕದಲ್ಲೇ ಬರೆದಿದೆ. ಅದನ್ನು ಓದಿದಾಗ ನನಗೆ ಹಿರಿಯೂರಿನ ದಿಬ್ಬ ನೆನಪಾಯಿತು.

ಅಷ್ಟು ದೂರ ಯಾಕೆ, ನಮ್ಮ ರಾಮೇಶ್ವರದ ಹಳೇ ಪಾಂಬನ್ ಸೇತುವೆ ಮೇಲೂ ಗಾಳಿ 58 ಕಿಲೋಮೀಟರ್ ದಾಟಿದರೆ ರೈಲಿಗೆ ಕೆಂಪು ಸಿಗ್ನಲ್ ಬೀಳುತ್ತಿತ್ತು. ರೈಲು ಕಾಯುತ್ತಿತ್ತು, ಜನ ಬೈಯುತ್ತಾ ಕೂತಿರುತ್ತಿದ್ದರು. ನಮ್ಮ ಹೆದ್ದಾರಿಗಳಲ್ಲಿ ಲಾರಿಗೆ ಹಾಗೆ ಯಾರಾದರೂ ಕೆಂಪು ತೋರಿಸುವ ದಿನ ಬರಲಿ ಅಂತ ನನಗೂ ಆಸೆ ಇದೆ. ಈಗಂತೂ ಅದು ಡ್ರೈವರನ ಹೊಟ್ಟೆಯ ನಡುಕಕ್ಕೆ ಬಿಟ್ಟದ್ದು.

ಮಗ ಗಾಡಿ ಓಡಿಸುವಾಗ ಮಾತ್ರ ಫೋನ್ ಮಾಡಬೇಡಿ ತಾಯಿ. ನಿಲ್ಲಿಸಿದ ಮೇಲೆ ಅವನೇ ಮಾಡಲಿ.

ಪ್ರಶ್ನೆ: ಲಾರಿ ಹಿಂದಿಕ್ಕುವಾಗ ನನ್ನ ಬೈಕು ಮೊದಲು ಒಳಕ್ಕೆ ಎಳೆದ ಹಾಗೆ, ಆಮೇಲೆ ಹೊರಕ್ಕೆ ಒದ್ದ ಹಾಗೆ ಆಗುತ್ತೆ. ಭ್ರಮೆಯಾ?
(ಕಾಲೇಜು ವಿದ್ಯಾರ್ಥಿ, ಚಿಂತಾಮಣಿ)

ಉತ್ತರ: ಭ್ರಮೆ ಅಲ್ಲ. ಮೇಲಿನ ಮಂಡಕ್ಕಿ ಕಥೆಯೇ ಅದು, ನಿಮ್ಮದು ಚಿಕ್ಕ ಗಾಡಿ ಅಷ್ಟೇ. ಗಾಳಿ ಇರುವ ದಿನ ಲಾರಿ ಪಕ್ಕ ತೂರಬೇಡಿ. ಅವನೂ ಆ ಹೊತ್ತಿಗೆ ಸ್ಟೇರಿಂಗ್ ಜೊತೆ ಗುದ್ದಾಡುತ್ತಿರುತ್ತಾನೆ. ಹಿಂದೆಯೇ ಉಳಿಯಿರಿ, ಅದೂ ಟಾರ್ಪಾಲ್ ಬಿಚ್ಚಿದರೆ ಮುಖಕ್ಕೆ ಬೀಳದಷ್ಟು ದೂರದಲ್ಲಿ.

ಪ್ರಶ್ನೆ: ಗಾಳಿ ಕಂಟಕಕ್ಕೆ ಗಾಡಿಗೆ ನಿಂಬೆಹಣ್ಣು, ಕಪ್ಪು ಕುಚ್ಚು ಕಟ್ಟಿದರೆ ಆಗುತ್ತಾ ಸ್ವಾಮಿ?
(ಹೊಸ ಲಾರಿ ಮಾಲೀಕರು, ಮಧುಗಿರಿ)

ಉತ್ತರ: ಕಟ್ಟಿ. ನಾನೂ ಕಟ್ಟುತ್ತಿದ್ದೆ, ನಮ್ಮಮ್ಮ ಬಿಡುತ್ತಿರಲಿಲ್ಲ. ನಿಂಬೆಹಣ್ಣಿನ ಬಗ್ಗೆ ನಾನು ಏನೂ ಹೇಳಲ್ಲ. ಕಪ್ಪು ಕುಚ್ಚನ್ನು ಮಾತ್ರ ಬಂಪರ್ ಕೆಳಗೆ ಕಟ್ಟಬೇಡಿ, ಡ್ರೈವರ್‌ಗೆ ಕಾಣುವ ಹಾಗೆ ಕನ್ನಡಿ ಕಂಬಿಗೆ ಕಟ್ಟಿ. ಗಾಡಿ ಓಡುವಾಗ ಅದು ನೇರ ಹಿಂದಕ್ಕೆ ಹಾರಬೇಕು. ಓರೆಯಾಗಿ ಹಾರಿತು ಅಂದರೆ ಪಕ್ಕದ ಗಾಳಿ ಶುರುವಾಯಿತು ಅಂತ. ಕನ್ನಡಿ ಗಾಜಿಗೆ ಅಡ್ಡ ಬಡಿಯತೊಡಗಿದರೆ ನಾನು ಗೇರ್ ಇಳಿಸುತ್ತಿದ್ದೆ.